ಕಕ್ಕಡದಲ್ಲಿ ಒಂದು ಎಮ್ಮೆ

ಕಪ್ಪು ಟ್ಯೂಬು ಮುಗಿದು ಮೂರು ವಾರ.
ಮಡಿಕೇರಿಯ ಅಂಗಡಿಯವನು ‘ಬರ್ತದೆ, ಬರ್ತದೆ’ ಅನ್ನುತ್ತಲೇ ಇದ್ದಾನೆ
ಫೋನಿನಲ್ಲಿ, ಮಳೆಯ ಆಚೆಯಿಂದ.

ಹಾಗಾಗಿ ನೀಲಿಗೆ ಸುಟ್ಟ ಕಂದು ಬೆರೆಸಿ
ಎಮ್ಮೆ ಮಾಡುತ್ತಿದ್ದೇನೆ.
ಒಳ್ಳೆಯದೇ ಆಯಿತು. ಬರೀ ಕಪ್ಪು ಅಂದುಕೊಂಡದ್ದರೊಳಗೆ
ಎಷ್ಟೊಂದು ಸಂಸಾರ!
ಬೆನ್ನ ಮೇಲೆ ಆಕಾಶದ ಬೂದಿ,
ಮೊಣಕಾಲಿಗೆ ಗದ್ದೆಯ ಕೆಸರು,
ಹೊಟ್ಟೆಯಡಿಯ ನೆರಳಿಗೆ
ಮೊನ್ನೆ ಉಂಡ ಮದ್ದುಪಾಯಸದ ನೇರಳೆ
(ಬೆರಳಿಗಂಟಿದ್ದು ಇನ್ನೂ ಹೋಗಿಲ್ಲ).

ಉಳಿದದ್ದು ಸರಳ. ನಾಪೋಕ್ಲಿನ ಬಯಲು:
ಮೇಲೊಂದು ಗೆರೆ ಬೆಟ್ಟ, ನಡುವೊಂದು ಗೆರೆ ಬಾಣೆ,
ಕೆಳಗೆ ನಾಟಿಗೆ ಕಾದ ನೀರುಗದ್ದೆ.
ಮೂರು ಗೆರೆ, ಒಂದು ಎಮ್ಮೆ. ಸಾಕು.
ಸಿಲ್ವರ್ ಓಕ್ ಸಾಲನ್ನು ಮಂಜಿಗೆ ಕೊಟ್ಟೆ.
ಟಿಲ್ಲರು ಬಿಟ್ಟೆ. ನೀಲಿ ಟಾರ್ಪಾಲು ಬಿಟ್ಟೆ.
ಎಮ್ಮೆಯ ಪಕ್ಕ ವಾಲಿ ನಿಂತ ಕರೆಂಟು ಕಂಬವನ್ನು
ಬಣ್ಣದ ಚಾಕುವಿನಿಂದ
ಒಂದೇ ಎಳೆತಕ್ಕೆ ಕೆರೆದು ತೆಗೆದೆ.

ಈ ತಿಂಗಳಲ್ಲಿ ಎಣ್ಣೆಬಣ್ಣ ಒಣಗುವುದಿಲ್ಲ.
ಹನ್ನೊಂದು ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ,
ಒಣಮೀನಿನ ಪಕ್ಕ.
ಎಮ್ಮೆ ಹೊಗೆ ಕುಡಿಯಿತು, ಒಣಗಲಿಲ್ಲ.
ಭುಜದ ಮೇಲೊಂದು ನುಸಿ ಬಂದು ಕೂತು
ಅಲ್ಲೇ ಉಳಿಯಿತು.

ಬೊಳಕ ಬಂದ. ಎಮ್ಮೆ ಅವನದಲ್ಲ,
ಚೋಂದಮ್ಮನದು; ಮೇಯಿಸುವವನು ಅವನು.
ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ತೊಟ್ಟಿಕ್ಕಿಸುತ್ತ
ಬಾಗಿಲಲ್ಲೇ ನಿಂತು ನೋಡಿದ.
ಬಗ್ಗಿ, ಮೊದಲು ನುಸಿಯನ್ನು ಉಫ್ ಎಂದು ಊದಿದ.
ಹೋಗಲಿಲ್ಲ.
ಆಮೇಲೆ ಕೇಳಿದ:
“ಇದು ಇಲ್ಲಿ ಎಂತಕ್ಕೆ ನಿಂತದೆ?”

ನಾನು ಬೆಳಕು ಅಂದೆ, ತೂಕ ಅಂದೆ,
ಕಣ್ಣಿಗೆ ಖಾಲಿ ಜಾಗ ಬೇಕಲ್ಲ ಅಂದೆ,
ಕಲಾಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದನ್ನೆಲ್ಲ ಅಂದೆ.
ಅವನು ಬಾಗಿಲ ನಿಲುವಿಗೆ
ತನ್ನ ಕತ್ತನ್ನು ಮೆಲ್ಲಗೆ ಉಜ್ಜಿ ತೋರಿಸಿದ,
ಕಣ್ಣು ಅರೆಮುಚ್ಚಿ, ಥೇಟ್ ಅದರ ಹಾಗೆ.
“ಕಂಬ ಇಲ್ಲದಿದ್ದರೆ
ಅದಕ್ಕೆ ಅಲ್ಲಿ ಎಂತ ಕೆಲಸ?”

ಅವನು ಹೋದ ಮೇಲೆ ಕುಂಚ ತೆಗೆದೆ.
ಬಿಳಿ ಜಾಸ್ತಿ, ನೀಲಿ ಒಂದು ಚೂರು, ಕಂದು ಇಷ್ಟೇ ಇಷ್ಟು.
ಎಮ್ಮೆಯ ಕುತ್ತಿಗೆ ಇನ್ನೂ ಹಸಿ.
ಕಂಬ ಎಳೆಯುವಾಗ ಕುಂಚದ ಅಂಚು ತಾಗಿ,
ಸಿಮೆಂಟಿನ ಮೇಲೆ,
ಸರಿಯಾಗಿ ಅದರ ಕತ್ತಿನ ಎತ್ತರಕ್ಕೆ
ಒಂದು ಜಿಡ್ಡುಗಲೆ ಬಿತ್ತು.

ನಾನು ಹಾಕಿದ್ದಲ್ಲ.