ಬಿಳಿಮೀನು

ವಾಲ್ನೂರಿನ ಮಡುವಿನ ಮೇಲೆ ಜನವರಿಯ ಮಂಜು.
ತೆಪ್ಪದ ಅಂಚಿನಾಚೆ ನೀರೇ ಇಲ್ಲ.
ಮಾಸ್ತಿ ರಾಗಿಮುದ್ದೆ ನಾದಿದ, ನಿಂಬೆಗಾತ್ರ,
ಗಾಳ ಮರೆಯಾಗುವ ಹಾಗೆ ಒತ್ತಿ
ಬಿಳಿಯೊಳಕ್ಕೆ ಎಸೆದ. ಎಲ್ಲೋ 'ಗುಳುಂ' ಅಂತು.
ಆಮೇಲೆ ಬೀಡಿ.

"ಹೋದ ವರ್ಷದ ಆ ದೊರೆ ಫೋಟೊ ತೋರ್ಸಿದ್ದ.
ಅವನೂರಲ್ಲಿ ಇಡೀ ಕೊಲ್ಲಿಯೇ ಹೆಪ್ಪುಗಟ್ಟಿ
ಮೇಲೆ ಜೀಪು ನಿಲ್ಸವ್ರೆ!
ಬೈರಿಗೇಲಿ ತೂತು ಕೊರ್ದು, ಕುಕ್ಕರುಗಾಲಲ್ಲಿ ಕೂತು
ಹಿಡಿಯೋದು ಏನ್ಗೊತ್ತಾ? ಬಿಳಿಮೀನು.
ನಮ್ಮದಲ್ಲ. ಹೆಸರು ಮಾತ್ರ ನಮ್ಮದು."

ನಕ್ಕೆ. ನಮ್ಮಲ್ಲೂ ಮಂಜೇ,
ಗಡ್ಡೆಯಾಗುವ ಹಟವಿಲ್ಲ ಅಷ್ಟೆ;
ಹತ್ತು ಗಂಟೆಯ ಬಿಸಿಲಿಗೆ ಎದ್ದು ಹೋಗುತ್ತದೆ
ಚಹಾದ ದುಡ್ಡು ಕೊಡದ ಗಿರಾಕಿಯ ಹಾಗೆ.

ದಾರ ಬಿಗಿಯಿತು.
ತೆಪ್ಪ ಗಿರ್ರನೆ ಎರಡು ಸುತ್ತು ತಿರುಗಿ
ಮೀನು ಎಳೆದತ್ತ ಹೊರಟಿತು, ನಮ್ಮನ್ನು ಕೇಳದೆ.
ಮುಕ್ಕಾಲು ಗಂಟೆ. ಮಾಸ್ತಿಯ ತೋರುಬೆರಳು ಕೊಯ್ದು
ರಾಗಿಹಿಟ್ಟಿಗೆ ರಕ್ತ.
ಕೊನೆಗೆ ಮೇಲೆ ಬಂತು:
ಗೂನುಬೆನ್ನು, ಅಂಗೈಯಗಲದ ಹುರುಪೆ,
ಕೆಂಡದ ಬಾಲ.
ಇದನ್ನು ಬಿಳಿ ಎಂದು ಕರೆದವರು ಯಾರೋ!

ಕೊಲ್ಲುವಂತಿಲ್ಲ.
ಗಾಳ ಬಿಡಿಸಿ, ತಲೆಯನ್ನು ಹರಿವಿಗೆ ತಿರುಗಿಸಿ
ಎರಡೂ ಕೈ ನೀರಲ್ಲಿಟ್ಟು ಹಿಡಿದೇ ಇದ್ದ
ಕಿವಿರು ತೆರೆದು, ಮುಚ್ಚಿ, ತಾನಾಗಿ ತೆರೆಯುವ ತನಕ.
ಮೊಣಕೈವರೆಗೂ ಮರಗಟ್ಟಿತ್ತು.

ಮೀನು ಹೋಯಿತು.
ತೋಳು ಒರೆಸಿಕೊಳ್ಳದೆ ಕೇಳಿದ:
"ಆ ತೂತ ಅವ್ರು ಮುಚ್ಚಿ ಹೋಗ್ತಾರಾ?"

"ತಾನೇ ಮುಚ್ಚಿಕೊಳ್ಳುತ್ತಂತೆ."

ತುಂಬ ಹೊತ್ತು ಅವನು
ನೀರು ಕೂಡಿಕೊಂಡ ಜಾಗವನ್ನೇ ನೋಡುತ್ತಿದ್ದ.
ಹೆಬ್ಬೆರಳಿಗೆ ಒಂದು ಹುರುಪೆ ಅಂಟಿತ್ತು.