ವ್ಯಾನ್ ಓಡಿಸುತ್ತಿದ್ದವನ ಹೇಳಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಬಾರದು.
ನನ್ನ ಹತ್ತಿರ ಇದ್ದದ್ದು ಒಂದು ವ್ಯಾನು,
ಅದರಲ್ಲಿ ಹಗಲು ಮೀನು, ರಾತ್ರಿ ಅವರು:
ಗ್ರಿಮ್ಸ್‌ಬಿಯ ಮೂವರು ಹುಡುಗರು, ಒಬ್ಬಳು ಹುಡುಗಿ.
ಎಷ್ಟು ತೊಳೆದರೂ ಕಾಡ್ ಮೀನಿನ ನಾತ
ಸ್ಪೀಕರಿನ ಬಟ್ಟೆಗೂ ಹತ್ತಿಕೊಂಡು
ಲೀಡ್ಸಿನ ಕ್ಲಬ್ಬಿನಲ್ಲಿ ಮುಂದಿನ ಸಾಲಿನವರು
ತಂತಮ್ಮ ಬೂಟಿನ ಅಡಿ ನೋಡಿಕೊಂಡರು.

ತಂಡದ ಹೆಸರು ಕಿಟ್ಟಿವೇಕ್. ಅದೊಂದು ಕಡಲಹಕ್ಕಿ.
ಉಳಿದವರಿಗೆಲ್ಲ ಆಗ ಕಬ್ಬಿಣ, ಮಾಟ, ಸಿಡಿಲು, ನರಕ;
ನಮ್ಮವರಿಗೆ ಹಕ್ಕಿ.
ಗಿಟಾರಿನ ನೆವಿಲ್ ಓಡ್ಲಿಂಗ್ ಅಂದ,
"ಅದರ ಕೂಗು ಕೇಳಿದವನು ನಗುವುದಿಲ್ಲ."
ನಾನು ಕೇಳಿದ್ದೆ. ಆದರೂ ನಕ್ಕೆ.

ಅಭ್ಯಾಸ, ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ.
ಗೋಡೆಯಾಚೆ ಮಂಜುಗಡ್ಡೆ ಪುಡಿಮಾಡುವ ಯಂತ್ರ,
ಮೂರು ಪಾಳಿಯೂ ಅದಕ್ಕೆ ನಿದ್ದೆಯಿಲ್ಲ.
ಅದನ್ನು ಮೀರಿಸಲು ಜೋರಾಗಿ ಬಾರಿಸಿದರು, ಅಷ್ಟೇ;
ಸಿದ್ಧಾಂತ ಗಿದ್ಧಾಂತ ಏನೂ ಇರಲಿಲ್ಲ.
ಡ್ರಮ್ಮಿನ ಕ್ಲೈವ್ ಮಂಬಿ ಮೀನು ಸೀಳುವ ಕೂಲಿ,
ಪೆಟ್ಟಿಗೆಗೆ ಇಷ್ಟೆಂದು ಸಂಬಳ.
ಕೈಗೆ ಆ ಲೆಕ್ಕ ಕೂತುಬಿಟ್ಟಿತ್ತು;
ತಾಳ ತಪ್ಪಿದ್ದೇ ಇಲ್ಲ, ನಕ್ಕದ್ದೂ ಇಲ್ಲ.
ಬೇಸಿನ ಮಾರಿಸ್ ಲೀಕ್ ಚಳಿಗೆ
ಉಣ್ಣೆಯ ಕೈಗವಸು ತೊಟ್ಟೇ ತಂತಿ ಎಳೆಯುತ್ತಿದ್ದ.
ಆ ಮಂಕು ದನಿಗೆ ಮುಂದೆ ಯಾರೋ
'ಶೈಲಿ' ಎಂದು ಹೆಸರಿಟ್ಟರಂತೆ.

ಹಾಡುವವಳು ಆಡ್ರಿ ರೇತ್‌ಬಿ,
ಬಲೆ ಹೆಣೆಯುವವಳು, ಉಗುರ ಸಂದಿಯಲ್ಲಿ ಟಾರು.
ಜನರತ್ತ ನೋಡಿ ಹಾಡುತ್ತಿರಲಿಲ್ಲ, ಬಾಗಿಲತ್ತ ನೋಡುತ್ತಿದ್ದಳು.
ಯಾಕೆಂದು ನಾನು ಕೇಳಲಿಲ್ಲ.
ಅವಳಣ್ಣ ಹೋದ ಹಡಗಿನ ಹೆಸರನ್ನು
ಆ ಬೀದಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದೇ ಒಂದು ರೆಕಾರ್ಡು. ಎಪ್ಪತ್ನಾಲ್ಕು, ಫೆಬ್ರವರಿ.
ಸ್ಟುಡಿಯೋಗೆ ದುಡ್ಡಿಲ್ಲದೆ ಅದೇ ಕೋಣೆಯಲ್ಲಿ,
ಚರ್ಚಿನಿಂದ ಎರವಲು ತಂದ ಟೇಪ್ ಯಂತ್ರದಲ್ಲಿ.
ಐನೂರು ಪ್ರತಿ. ಎರಡನೆಯ ಮಗ್ಗುಲಿಗೆ
ತೂತು ನಟ್ಟನಡುವೆ ಬೀಳದೆ
ಹಾಡೆಲ್ಲ ತೇಲಿ ತೇಲಿ ಮುಳುಗುತ್ತಿತ್ತು;
ಕೇಳಿದರೆ ಹೊಟ್ಟೆ ತೊಳಸುತ್ತಿತ್ತು.
ಮಾರಾಟವಾದದ್ದು ನೂರಾ ಹನ್ನೆರಡು,
ಅದರಲ್ಲಿ ಮೂವತ್ತು ಮಾರಿಸನ ಅತ್ತೆಗೆ.

ಆಮೇಲೆ ಐಸ್‌ಲ್ಯಾಂಡಿನವರು ಕಡಲಿಗೆ ಗೆರೆ ಎಳೆದರು.
ನಮ್ಮ ಹಡಗುಗಳು ಧಕ್ಕೆಯಲ್ಲೇ
ಕಟ್ಟಿದ ದನಗಳಂತೆ ನಿಂತವು.
ಹಡಗು ಹೊರಡದೆ ಐಸು ಯಾರಿಗೆ ಬೇಕು?
ಒಂದು ಗುರುವಾರ, ಹಾಡಿನ ನಡುವೆ,
ಗೋಡೆಯಾಚೆ ಯಾರೋ ಯಂತ್ರ ಆರಿಸಿದರು.

ಆ ಕ್ಷಣ ಹೇಗೆ ಹೇಳಲಿ.
ನಾಲ್ವರೂ ಮೊದಲ ಸಲ
ತಮ್ಮನ್ನು ತಾವೇ ಕೇಳಿಸಿಕೊಂಡರು.
ಮಂಬಿಯ ಕೋಲು ಗಾಳಿಯಲ್ಲೇ ಉಳಿಯಿತು.
ಆಡ್ರಿ ಬಾಗಿಲಿಂದ ತಿರುಗಿ
ಅವರ ಮುಖ ನೋಡಿದಳು,
ಯಾರೋ ಗುರುತಿಲ್ಲದವರನ್ನು ನೋಡಿದ ಹಾಗೆ.

ಜಗಳವಾಗಿ ಒಡೆದರು ಎಂದು ಕೆಲವರು ಬರೆದಿದ್ದಾರೆ. ಸುಳ್ಳು.
ವ್ಯಾನು ವರ್ಷದ ತಪಾಸಣೆಯಲ್ಲಿ ಫೇಲಾಯಿತು.
ಮೀನಿನ ಉಪ್ಪುನೀರು ತಳವನ್ನೆಲ್ಲ ತಿಂದುಹಾಕಿತ್ತು;
ಕಾಲಿನ ಸಂದಿಯಿಂದ ರಸ್ತೆ ಕಾಣುತ್ತಿತ್ತು.
ಇನ್ನೊಂದು ವ್ಯಾನಿನ ಮಾತನ್ನು ಯಾರೂ ಎತ್ತಲಿಲ್ಲ.
ಮಂಬಿ ಫಿಶ್ ಫಿಂಗರ್ ಕಾರ್ಖಾನೆಗೆ ಸೇರಿದ,
ಓಡ್ಲಿಂಗ್ ಮದುವೆಯಾಗಿ ಸ್ಕಂಥಾರ್ಪಿಗೆ ಹೋದ,
ಮಾರಿಸ್ ಏನಾದನೋ, ಅತ್ತೆಗೂ ಗೊತ್ತಿಲ್ಲ.

ಹೋದ ವರ್ಷ ಬ್ರೆಮನ್ನಿನಿಂದ ಒಬ್ಬ ಬಂದ,
ಮೆತ್ತನೆ ಮಾತಿನವನು, ದುಬಾರಿ ಕನ್ನಡಕ.
ರೆಕಾರ್ಡಿನ ತಳದಲ್ಲಿ ಗುರ್ರೆನ್ನುವುದು ಯಾವ ವಾದ್ಯ,
ನುಡಿಸಿದವರು ಯಾರು ಎಂದು ಕೇಳಿದ.
ನಾನು ಹೇಳಿದೆ. ಅವನು ನಂಬಲಿಲ್ಲ.
ಪುಸ್ತಕದಲ್ಲಿ 'ತಿಳಿಯದು' ಎಂದು ಬರೆದುಕೊಂಡ.

ಇದನ್ನು ಬಸ್ ಸ್ಟಾಪಿನಲ್ಲಿ ಆಡ್ರಿಗೆ ಹೇಳಿದೆ.
ಕೈಯಲ್ಲಿ ಈರುಳ್ಳಿಯ ಚೀಲ, ಮಂಡಿಗೆ ಪಟ್ಟಿ.
"ಹಾಳಾದ ಯಂತ್ರ," ಅಂದಳು,
"ಯಾವಾಗಲೂ ನನಗಿಂತ ಅರ್ಧ ಸ್ವರ ಕೆಳಗೆ."
ಆಮೇಲೆ ತುಟಿ ಬಿಚ್ಚದೆ ಗುನುಗಿದಳು.
ಹಾಡನ್ನಲ್ಲ, ಅದನ್ನು.
ಕಿವಿಯ ಯಂತ್ರವನ್ನು ನಾನು ಸ್ವಲ್ಪ ಜೋರು ಮಾಡಿಕೊಂಡೆ.
ಅಷ್ಟರಲ್ಲಿ ಅವಳ ಬಸ್ಸು ಬಂತು.
ನನ್ನದು ಬೇರೆ ನಂಬರು.