ಕಂಬಳಿ ಸಕಾಮ

ಬ್ಯಾಂಕಿನ ಹುಡುಗ ಕೇಳಿದ, ಅಂಗಡಿ ಹೆಸರೇನು?
ರಂಗಯ್ಯನ ಬಾಗಿಲ ಈಚೆ ಬೇವಿನ ನೆರಳಿಗೆ
ಹಾಸಿದ ಒಂದು ತಾಡಪಾಲು, ಮೇಲೆ ಹನ್ನೊಂದು ಕಂಬಳಿ;
ನೆರಳು ಸರಿದಂತೆ ಸರಿಯುವ ಅಂಗಡಿಗೆ
ಹೆಸರಿಟ್ಟವರು ಯಾರು?
ಹೆಸರಿಲ್ಲದಿದ್ದರೆ ಮಿಷನ್ನು ಮಾತಾಡಲ್ಲಮ್ಮ, ಅಂದ.
ಕಂಬಳಿ ಸಾಕಮ್ಮ ಅಂತ ಬರ್ಕೋ, ಅಂದೆ.

ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದವಳು ನಾನು.
ಸಾಕು, ಅಂದಳಂತೆ ಅಜ್ಜಿ, ಬಾಣಂತಿ ಕೋಣೆಯ ಹೊಸಿಲಲ್ಲೇ ನಿಂತು.
ಅದಕ್ಕೊಂದು ಅಮ್ಮ ಸೇರಿಸಿ ತೊಟ್ಟಿಲಿಗೆ ಹಾಕಿದರು.

ಮಿಷನ್ನು ಅಂಗೈಯಷ್ಟು.
ಹೊಟ್ಟೆಯಲ್ಲೊಂದು ಕಾಗದದ ಸುರುಳಿ, ಕಂಡಿಕೆಗೆ ಸುತ್ತಿದ ನೂಲಿನ ಹಾಗೆ.
ಮೊದಲ ದಿನ ಅದಕ್ಕೆ ಸಿಗ್ನಲ್ಲೇ ಇಲ್ಲ.
ಏಳು ಸುತ್ತಿನ ಗೋಡೆ ಕಟ್ಟಿದವರು
ಯಾರೂ ಒಳಗೆ ಬರಬಾರದೆಂದೇ ಕಟ್ಟಿದ್ದು;
ಗಾಳಿಯಲ್ಲಿ ಬರುವವರನ್ನೂ ಕಲ್ಲು ತಡೆದೀತೆಂದು
ಅವರಿಗೂ ಗೊತ್ತಿರಲಿಕ್ಕಿಲ್ಲ.
ಗಿರಾಕಿಯ ಕಾರ್ಡು ಒಂದು ಕೈಲಿ, ಮಿಷನ್ನು ಇನ್ನೊಂದರಲ್ಲಿ,
ಸೆರಗು ಬಾಯಲ್ಲಿ ಕಚ್ಚಿ ಬಂಡೆ ಹತ್ತಿದೆ.
ಕೆಳಗಿಂದ ಧಾರವಾಡದ ಮೇಷ್ಟ್ರು:
ಅಮ್ಮಾ, ನನ್ನ ಕಾರ್ಡು!
ಎಲ್ಲಿಗೆ ಓಡಲಿ ಸಾರ್,
ನನ್ನ ಹನ್ನೊಂದು ಕಂಬಳಿ ನಿಮ್ಮ ಕಾಲ ಬುಡದಲ್ಲಿವೆ.

ತಾಗಿಸಿದೆ. ಗುಂಯ್ ಅಂತ ಚೀಟಿ ಬಂತು.
ದುರ್ಗದ ಗಾಳಿ, ಕೇಳಬೇಕೆ, ಕಿತ್ತುಕೊಂಡು ಹೋಯಿತು.
ಇನ್ನೊಂದು ಬಂತು.
ಮೇಷ್ಟ್ರು ಕನ್ನಡಕ ಹಣೆಗೇರಿಸಿ ಓದಿದರು:
ಕಂಬಾಲಿ ಸಕಾಮ.
ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಜಾಗ ಸಾಲಲಿಲ್ಲವಂತೆ.
ಸಕಾಮ ಅಂದರೇನು ಗೊತ್ತೇನಮ್ಮ, ಅಂತ ನಕ್ಕರು.
ಆಸೆ ಇರೋದು. ಬೇಕು ಅನ್ನೋದು.

ಐವತ್ತೆರಡು ವರ್ಷ
ಸಾಕು ಸಾಕು ಎಂದೇ ಕರೆಸಿಕೊಂಡಿದ್ದೆ.

ದುಡ್ಡು ಮಾರನೆ ದಿನ ಬಂತು.
ಎರಡು ಸಾವಿರದ ನಾನ್ನೂರಕ್ಕೆ ನಲವತ್ತೆಂಟು ಕಮ್ಮಿ,
ಅದರ ಮೇಲೆ ತೆರಿಗೆ ಬೇರೆ.
ಸಂತೆ ಸುಂಕದವನಿಗಾದರೂ ಒಂದು ಮುಖ ಇತ್ತು,
ಬೈದು ಐದು ರೂಪಾಯಿ ಇಳಿಸಬಹುದಿತ್ತು,
ಟೀ ಕುಡಿಸಿ ಇನ್ನೈದು.
ಈ ನಲವತ್ತೆಂಟನ್ನು ಎಲ್ಲಿ ನೋಡಿ ಬೈಯಲಿ?
ಒಂದು ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿ ಅದು.
ಸೊಂಟದವರೆಗೆ ಕುಣಿಮಗ್ಗಕ್ಕೆ ಇಳಿದಿದ್ದ ಕಾಟಯ್ಯ
ಅಲ್ಲಿಂದಲೇ ಕೇಳಿದ, ಯಾತಕ್ಕಂತೆ ಹಿಡಿದದ್ದು?
ಹುಡುಗನಿಗೆ ಫೋನು ಹಚ್ಚಿದೆ.
ಮೇಷ್ಟ್ರು ಕೊಟ್ಟಿದ್ದು ಅವರ ದುಡ್ಡಲ್ಲಮ್ಮ, ಬ್ಯಾಂಕಿಂದು.
ಅವರು ಮುಂದಿನ ತಿಂಗಳು ಬ್ಯಾಂಕಿಗೆ ಕಟ್ತಾರೆ.

ಹಾಗಾದ್ರೆ ಅದು ಉದ್ರಿ ಕಣಪ್ಪ!
ಕಾರಲ್ಲಿ ಬಂದ ಮೇಷ್ಟ್ರು ಹೊದ್ದು ಹೋದದ್ದು
ಉದ್ರಿ ಕಂಬಳಿ.
ಲೆಕ್ಕ ಬರೆದವರು ಬ್ಯಾಂಕಿನವರು,
ಬರೆದ ಕೂಲಿ ಕೊಟ್ಟವಳು ನಾನು.

ನಮ್ಮದೂ ಒಂದು ಪುಸ್ತಕ ಇದೆ, ಜಂತಿಗೆ ಸಿಕ್ಕಿಸಿದ್ದು.
ಮದಕರಿಪುರದ ಜುಂಜಪ್ಪ, ಕರಿ ಕಂಬಳಿ ಒಂದು.
ಮರಿ ಮಾರಿ ಕೊಡ್ತೀನಿ ಅಂದು ಮೂರು ದೀಪಾವಳಿ ಕಳೆಯಿತು.
ಎದುರಾದರೆ ದಾರಿ ಬದಲಿಸುವವನಲ್ಲ,
ನಿಂತು, ಹೆಗಲಿಂದ ಕಂಬಳಿ ಇಳಿಸಿ ನನಗೇ ತೋರಿಸುತ್ತಾನೆ:
ಏನು ನೇಯ್ಗೆ ಅಕ್ಕಾ,
ಮೂರು ಮಳೆ ಕುಡಿದೈತೆ, ಒಂದು ಎಳೆ ಕಿತ್ತಿಲ್ಲ.
ಇದಕ್ಕೆ ನೂರಕ್ಕೆ ಎಷ್ಟು ಹಿಡಿಯುವುದು?

ರಟ್ಟಿನ ಮೇಲಿನ ಬೆಲೆ ತಿದ್ದಿದೆ. ಅರವತ್ತು ಏರಿಸಿದೆ.
ಹೆಸರೂ ತಿದ್ದಿಸಲಾ ಅಮ್ಮ, ಅರ್ಜಿ ಹಾಕಿದರೆ ಆಗುತ್ತೆ,
ಅಂದ ಹುಡುಗ.
ಇರಲಿ ಬಿಡು ಅಂದೆ.

ಆ ಚೀಟಿಯನ್ನು ದೇವರ ಗೂಡಲ್ಲಿ ಇಟ್ಟಿದ್ದೆ.
ಶ್ರಾವಣದ ಹೊತ್ತಿಗೆ ಅಕ್ಷರವೆಲ್ಲ ಆರಿ
ಬರೀ ಬಿಳಿ ಕಾಗದ.

ರಾತ್ರಿ ಮಿಷನ್ನನ್ನು ಚಾರ್ಜಿಗೆ ಹಾಕುತ್ತೇನೆ.
ಮಗ್ಗದ ಪಕ್ಕ, ಕತ್ತಲಲ್ಲಿ, ಹಸಿರು ಕಣ್ಣೊಂದು ಮಿಣುಕುತ್ತದೆ.
ನಿದ್ದೆ ಬರಲ್ಲ ಅಂತ ಗೊಣಗುತ್ತ ಕಾಟಯ್ಯ ಎದ್ದು
ಕಂಬಳಿ ತುಂಡೊಂದನ್ನು ಅದಕ್ಕೆ ಹೊದಿಸಿ
ಮತ್ತೆ ಮಲಗುತ್ತಾನೆ.